ಮೋಡಕಾಕ್ಕೆ ಹಾಕುವ ಮುನ್ನ: ಹಳೆಯ ಅಡುಗೆಮನೆ ಸಾಮಾನುಗಳ ಸಂಗ್ರಹ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಮನೆಗಳಲ್ಲಿ ಒಂದು ಕಾಲಕ್ಕೆ ದಿನನಿತ್ಯ ಕೈಯಾಡುತ್ತಿದ್ದ ಬೀಸುಕಲ್ಲು, ತಾಮ್ರದ ಹಂಡೆ, ನೀರು ಕಾಯಿಸುವ ಬಂಬ, ಹಿತ್ತಾಳೆಯ ಪಂಪ್ ಸ್ಟೋ, ಶಾವಿಗೆ ಮಣೆ, ಪಡ್ಡಿನ ಹಂಚು ಮೊದಲಾದ ಸಾಮಾನುಗಳು ಕಳೆದ ಐದಾರು ದಶಕಗಳಲ್ಲಿ ಒಂದೊಂದಾಗಿ ಅಟ್ಟ ಸೇರಿವೆ, ಇಲ್ಲವೇ ಹಳೆಯ ಲೋಹವನ್ನು ತೂಕಕ್ಕೆ ಕೊಳ್ಳುವ ಮೋಡಕಾ ಅಂಗಡಿಯ ತಕ್ಕಡಿ ಏರಿವೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ನಿಂತಿತು. ಸ್ಟೀಲಿನ ಪಾತ್ರೆಗಳು ಅಗ್ಗವಾದ ಮೇಲೆ ಕಲಾಯಿ ಬೇಡುವ ತಾಮ್ರ, ಹಿತ್ತಾಳೆಗಳು ಹಿಂದೆ ಸರಿದವು. 1959ರ ಸುಮಾರಿಗೆ ಭಾರತದಲ್ಲಿಯೇ ತಯಾರಾಗತೊಡಗಿದ ಪ್ರೆಸ್ಟೀಜ್ ಮತ್ತು ಹಾಕಿನ್ಸ್ ಪ್ರೆಶರ್ ಕುಕ್ಕರುಗಳು, 1963ರಲ್ಲಿ ಮಾರುಕಟ್ಟೆಗೆ ಬಂದ ಸುಮೀತ್ ಮಿಕ್ಸಿ, ಆಮೇಲೆ ಹಳ್ಳಿಗಳಿಗೂ ತಲುಪಿದ ಗ್ಯಾಸ್ ಸಿಲಿಂಡರ್ ಉಳಿದ ಕೆಲಸವನ್ನು ಪೂರ್ತಿ ಮಾಡಿದವು. ಹೀಗೆ ಬಳಕೆಯಿಂದ ಹೊರಬಿದ್ದ ಸಾಮಾನುಗಳನ್ನು ಪಡಸಾಲೆಯಲ್ಲಿಯೋ ಗೋಡೆಯ ಮಾಡಗಳಲ್ಲಿಯೋ ಅಲಂಕಾರಕ್ಕಾಗಿ ಇಡುವ ಅಭಿರುಚಿ ಈಗ ನಗರಗಳಲ್ಲಿ ಬೆಳೆದಿದ್ದು, ಈ ಭಾಗದ ಹಳೆಯ ಮನೆಗಳತ್ತಲೂ ಕೊಳ್ಳುವವರ ಕಣ್ಣು ಬಿದ್ದಿದೆ. ಇಂತಹ ಸಂಗ್ರಹಕ್ಕೆ ಕೈಹಾಕುವವರು ಯಾವುದನ್ನು ಆರಿಸಬೇಕು, ಹೇಗೆ ಪರೀಕ್ಷಿಸಬೇಕು, ಹೇಗೆ ಕಾಪಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ವಸ್ತುವಿನ ಬೆಲೆ ಅದರ ಹೊಳಪಿನಲ್ಲಿಲ್ಲ, ಅದರ ಮೇಲೆ ಉಳಿದಿರುವ ಬಳಕೆಯ ಗುರುತಿನಲ್ಲಿ ಮತ್ತು ಅದು ಯಾವ ಊರಿನ, ಯಾವ ಮನೆಯ ಸಾಮಾನು ಎಂಬ ತಿಳಿವಳಿಕೆಯಲ್ಲಿದೆ ಎಂಬುದು ಇಲ್ಲಿನ ವಿವರಣೆಗೆಲ್ಲ ಆಧಾರವಾಗಿರುವ ನಿಲುವು.

ಕೊಳ್ಳುವ ಮುನ್ನ ಕಣ್ಣು ಪಳಗಬೇಕು, ಅದಕ್ಕೆ ಸಂಗ್ರಹಾಲಯಗಳಿಗಿಂತ ಒಳ್ಳೆಯ ಶಾಲೆ ಬೇರೆ ಇಲ್ಲ. ಕಿತ್ತೂರಿನ ಕೋಟೆಯ ಆವರಣದಲ್ಲಿರುವ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ಆಯುಧಗಳು, ಶಿಲ್ಪಗಳು, ಕೆತ್ತನೆಯ ಕಟ್ಟಿಗೆ ಕೆಲಸದ ಮಾದರಿಗಳು ನೋಡಸಿಗುತ್ತವೆ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಸಂಸ್ಥಾನದ ನೆನಪನ್ನು ಕಾಯುವ ತಾಣದಲ್ಲಿ ಆಯುಧಗಳಿಗೆ ಮೊದಲ ಜಾಗ ಸಿಗುವುದು ಸಹಜವೇ ಆದರೂ, ಆ ಸೈನ್ಯಕ್ಕೆ ರೊಟ್ಟಿ ತಟ್ಟಿದ ಕೈಗಳ ಸಾಮಾನುಗಳನ್ನು ಉಳಿಸುವ ಹೊಣೆ ಹೆಚ್ಚಾಗಿ ಮನೆಗಳ ಮೇಲೆಯೇ ಉಳಿದಿದೆ. ಪುಣೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯ ಈ ಕೆಲಸಕ್ಕೆ ದಾರಿ ತೋರಿದ ಸಂಸ್ಥೆ. ಒಬ್ಬ ವ್ಯಕ್ತಿ ತನ್ನ ಜೀವಮಾನವಿಡೀ ಕೂಡಿಸಿದ ದೀಪ, ಅಡಕೊತ್ತು, ಪಾತ್ರೆ, ತುರಿಮಣೆಗಳು 1975ರಲ್ಲಿ ಮಹಾರಾಷ್ಟ್ರ ಸರಕಾರದ ಸುಪರ್ದಿಗೆ ಬಂದು ಸಾರ್ವಜನಿಕ ಆಸ್ತಿಯಾದವು. ಅಹಮದಾಬಾದಿನ ವಿಶಾಲಾದಲ್ಲಿ 1981ರಲ್ಲಿ ಆರಂಭವಾದ ವೇಚಾರ್ ಪಾತ್ರೆಗಳ ಸಂಗ್ರಹಾಲಯ ಪೂರ್ತಿಯಾಗಿ ಪಾತ್ರೆಪಗಡಗಳಿಗೇ ಮೀಸಲು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಮತ್ತು ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ಅಡುಗೆಮನೆಯ ಸಾಮಾನುಗಳಿಗೆ ಗೌರವದ ಸ್ಥಾನವಿದೆ. ಬೈಲಹೊಂಗಲ ಸೀಮೆಯವರಿಗೆ ಹತ್ತಿರವಾಗುವುದು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್; ಅಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಪ್ರತಿಮೆಗಳಲ್ಲಿ ನಿಂತಿದ್ದು, ಯಾವ ಸಾಮಾನನ್ನು ಹೇಗೆ ಕುಳಿತು ಹೇಗೆ ಹಿಡಿದು ಬಳಸುತ್ತಿದ್ದರು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ಸೀಮೆಯಲ್ಲಿ ಏನು ಸಿಗುತ್ತದೆ

ಮೊದಲ ಮಾತು ಕಲ್ಲಿನದು. ಬೀಸುಕಲ್ಲಿನಲ್ಲಿ ಎರಡು ಗುಂಡನೆಯ ಕಲ್ಲುಗಳಿದ್ದು, ಕೆಳಗಿನದು ಕದಲುವುದಿಲ್ಲ, ನಡುವಿನ ಗೂಟಕ್ಕೆ ಸಿಕ್ಕಿಸಿದ ಮೇಲಿನದು ತಿರುಗುತ್ತದೆ, ಮೇಲಿನ ಕಲ್ಲಿನ ಬಾಯಿಗೆ ಹಿಡಿ ಹಿಡಿಯಾಗಿ ಸುರಿದ ಜೋಳ ಎರಡರ ನಡುವೆ ನುರಿದು ಅಂಚಿನಿಂದ ಹಿಟ್ಟಾಗಿ ಬೀಳುತ್ತದೆ. ಕಲ್ಲಿನ ಒಳಮುಖ ನುಣುಪಾದಾಗ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಮತ್ತೆ ಒರಟು ಮಾಡಿಸುವುದಕ್ಕೆ ಮುಳ್ಳು ಹಾಕಿಸುವುದು ಎನ್ನುತ್ತಾರೆ. ಮೇಲಿನ ಕಲ್ಲನ್ನು ಎತ್ತಿ ನೋಡಿದಾಗ ಈ ಮುಳ್ಳಿನ ಸಾಲುಗಳು ಅರ್ಧ ಸವೆದು ಅರ್ಧ ಉಳಿದಿದ್ದರೆ ಅದು ನಿಜವಾಗಿ ದುಡಿದ ಕಲ್ಲು, ಮುಳ್ಳೇ ಇಲ್ಲದೆ ಎರಡೂ ಮುಖ ಸಪಾಟಾಗಿದ್ದರೆ ತೋಟದ ಅಲಂಕಾರಕ್ಕೆಂದೇ ಈಚೆಗೆ ಕಡೆದ ಕಲ್ಲಾಗಿರುವ ಸಾಧ್ಯತೆ ಹೆಚ್ಚು. ಕಲ್ಲಿನ ಜಾತಿಯೂ ಊರನ್ನು ಹೇಳುತ್ತದೆ. ಬೆಳಗಾವಿ ಜಿಲ್ಲೆಯ ದೊಡ್ಡ ಭಾಗವನ್ನು ಜ್ವಾಲಾಮುಖಿಯಿಂದ ಹುಟ್ಟಿದ ಕಪ್ಪು ಬಸಾಲ್ಟ್ ಶಿಲೆ ಹೊದ್ದಿದ್ದರೆ, ಸವದತ್ತಿ ಮತ್ತು ರಾಮದುರ್ಗದ ಕಡೆ ಬಾದಾಮಿಯವರೆಗೆ ಹಬ್ಬಿದ ಕಲಾದಗಿ ಶಿಲಾಸ್ತರದ ಮರಳುಗಲ್ಲು ಕಾಣುತ್ತದೆ; ಆದ್ದರಿಂದ ಕಲ್ಲಿನ ಬಣ್ಣ ಮತ್ತು ಕಣವನ್ನು ನೋಡಿ ಅದು ಸ್ಥಳೀಯವೋ ಹೊರಗಿನಿಂದ ತಂದದ್ದೋ ಎಂದು ಊಹಿಸಲು ಬರುತ್ತದೆ. ಬೀಸುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಆ ಪುಸ್ತಕದ ಒಂದು ಪ್ರತಿಯನ್ನು ಕಲ್ಲಿನ ಪಕ್ಕದಲ್ಲಿಟ್ಟರೆ ಮನೆಗೆ ಬಂದವರಿಗೆ ಬೇರೆ ವಿವರಣೆಯ ಅಗತ್ಯವೇ ಬೀಳದು.

ಲೋಹದ ಸಾಮಾನುಗಳಲ್ಲಿ ಸಂಗ್ರಾಹಕರು ಹೆಚ್ಚಾಗಿ ಹುಡುಕುವುದು ಹಂಡೆ, ಕೊಡ, ತಂಬಿಗೆ, ಗಂಗಾಳ, ಪರಾತಗಳನ್ನು. ಆದರೆ ಬೆಳಗಾವಿ ಸೀಮೆಯ ಯಂತ್ರಜ್ಞಾನಕ್ಕೆ ಒಳ್ಳೆಯ ಸಾಕ್ಷಿ ಎನ್ನಬಹುದಾದ ವಸ್ತು ತಾಮ್ರದ ಬಂಬ. ಮೇಲ್ನೋಟಕ್ಕೆ ಎತ್ತರದ ಪೀಪಾಯಿಯಂತೆ ಕಾಣುವ ಇದರ ನಡುವೆ ತಳದಿಂದ ತುದಿಯವರೆಗೆ ಟೊಳ್ಳಾದ ಒಂದು ಕೊಳವೆ ಇದ್ದು, ಕೊಳವೆಯ ಬುಡದಲ್ಲಿ ಕಬ್ಬಿಣದ ಜಾಳಿಗೆಯ ಮೇಲೆ ಕಟ್ಟಿಗೆಯ ಚೂರು ಅಥವಾ ಇದ್ದಲಿ ಹಾಕಿ ಉರಿ ಹಚ್ಚುತ್ತಿದ್ದರು. ಕೊಳವೆಯ ಸುತ್ತಲೂ ನಿಂತ ನೀರಿಗೆ ಉರಿಯ ಶಾಖ ಎಲ್ಲ ದಿಕ್ಕಿನಿಂದಲೂ ತಾಗುವುದರಿಂದ, ತೆರೆದ ಒಲೆಯ ಮೇಲಿನ ಹಂಡೆಗಿಂತ ಕಡಿಮೆ ಉರುವಲಿನಲ್ಲಿ ಸ್ನಾನದ ನೀರು ಕಾಯುತ್ತಿತ್ತು. ಹಲವು ಬಂಬಗಳಲ್ಲಿ ಮೇಲಿನ ಆಲಿಕೆಗೆ ತಣ್ಣೀರು ಸುರಿದರೆ ಅದು ತಳಕ್ಕೆ ಇಳಿದು ಮೇಲಿನ ಬಿಸಿನೀರನ್ನು ನಳದತ್ತ ದೂಡುತ್ತದೆ. ಇಂದು ಮನೆಮನೆಯ ಗೀಸರಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಬಂಬವನ್ನು ಕೊಳ್ಳುವವರು ನಳ, ಮುಚ್ಚಳ, ಜಾಳಿಗೆ ಮೂರೂ ಇವೆಯೇ ಎಂದು ನೋಡಬೇಕು, ಏಕೆಂದರೆ ಮೋಡಕಾದವರ ಕೈಗೆ ಬಂದ ಬಂಬಗಳಲ್ಲಿ ಮೊದಲು ಕಳೆದುಹೋಗುವ ಭಾಗಗಳು ಇವೇ.

ಅದರಷ್ಟೇ ಗಮನಕ್ಕೆ ಅರ್ಹವಾದದ್ದು ಚಿಮಣಿ ಎಣ್ಣೆಯ ಪಂಪ್ ಸ್ಟೋ. ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಮಾದರಿಯೇ ಇಂತಹ ಎಲ್ಲ ಸ್ಟೋಗಳ ಮೂಲ. ಹಿತ್ತಾಳೆಯ ಟಾಕಿಯಲ್ಲಿ ಎಣ್ಣೆ ತುಂಬಿ, ಬರ್ನರಿನ ಕೆಳಗಿನ ಬಟ್ಟಲಿನಲ್ಲಿ ಸ್ವಲ್ಪ ಸ್ಪಿರಿಟ್ ಉರಿಸಿ ಕೊಳವೆ ಕಾಯಿಸಿ, ಆಮೇಲೆ ಪಂಪು ಹೊಡೆದಾಗ ಒತ್ತಡಕ್ಕೆ ಮೇಲೇರಿದ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಚಿಮ್ಮಿ, ಹೊಗೆಯಿಲ್ಲದ ನೀಲಿ ಜ್ವಾಲೆಯಾಗಿ ಭೋರೆಂದು ಉರಿಯುತ್ತದೆ. ಆ ತೂತು ಕಟ್ಟಿದಾಗ ಬಿಡಿಸಲು ಬಳಸುತ್ತಿದ್ದ ತಗಡಿನ ಹಿಡಿಕೆಯ ಪಿನ್ನು ಕೂಡ ಸಂಗ್ರಹಯೋಗ್ಯವೇ. ಪ್ರೈಮಸ್ ಸ್ಟೋಗಳ ವಯಸ್ಸನ್ನು ಕಂಡುಹಿಡಿಯುವುದು ಸುಲಭ: 1911ರಿಂದ ಕಂಪನಿಯು ಪ್ರತಿ ವರ್ಷಕ್ಕೆ ಒಂದು ಅಕ್ಷರದ ಗುರುತನ್ನು ಟಾಕಿಯ ಮೇಲೆ ಒತ್ತತೊಡಗಿದ್ದು, ‘ಎ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು 1911ರದು. ಸ್ವೀಡನ್ನಿನ ಹೆಸರಿಲ್ಲದ ಭಾರತೀಯ ಸ್ಟೋಗಳೇ ಈ ಭಾಗದಲ್ಲಿ ಹೆಚ್ಚು ಸಿಗುತ್ತವೆ, ಅವುಗಳನ್ನು ಕೀಳೆಂದು ತಳ್ಳಬೇಕಾಗಿಲ್ಲ. ಇಂಡಿಯನ್ ಆಯಿಲ್ ಸಂಸ್ಥೆ 1970ರ ದಶಕದಲ್ಲಿ ಹೊರತಂದ ನೂತನ್ ಬತ್ತಿ ಸ್ಟೋ ಇನ್ನೂ ಅಗ್ಗವಾಗಿ ಸಿಗುವ ವಸ್ತುವಾಗಿದ್ದು, ಇಂದು ಒಳ್ಳೆಯ ಸ್ಥಿತಿಯಲ್ಲಿರುವುದನ್ನು ತೆಗೆದಿಡುವುದು ಜಾಣತನ.

ಇದೇ ಸಾಲಿನಲ್ಲಿ ಕೋಲ್ಕತ್ತದ ಇಂದುಮಾಧವ ಮಲ್ಲಿಕ್ 1910ರಲ್ಲಿ ರೂಪಿಸಿದ ಇಕ್ಮಿಕ್ ಕುಕ್ಕರ್ ಬರುತ್ತದೆ. ಒಂದರ ಮೇಲೊಂದು ಕೂಡಿಸಿದ ಡಬ್ಬಿಗಳನ್ನು ಹೊರಕವಚದೊಳಗೆ ಇಳಿಸಿ, ತಳದಲ್ಲಿ ಇದ್ದಲಿ ಹಾಕಿ, ಆವಿಯಲ್ಲಿ ಅನ್ನ, ಬೇಳೆ, ಪಲ್ಯಗಳನ್ನು ಒಟ್ಟಿಗೆ ಬೇಯಿಸುವ ಈ ಸಾಧನ ಪ್ರೆಶರ್ ಕುಕ್ಕರಿಗೆ ಮುಂಚಿನದು ಮತ್ತು ಪೂರ್ತಿ ಸೆಟ್ಟಾಗಿ ದೊರೆತರೆ ಅಪರೂಪದ್ದು. 1937ರಲ್ಲಿ ಬಂದ ಡಾಲ್ಡಾದ ಹಳದಿ ಡಬ್ಬಿ, 1976ರಲ್ಲಿ ರಾಷ್ಟ್ರೀಕರಣಗೊಂಡ ಬರ್ಮಾ ಶೆಲ್ ಕಂಪನಿಯ ಎಣ್ಣೆ ಡಬ್ಬಿ, ಎನಾಮಲ್ ಬಳಿದ ಚಹಾ ಕಿಟಲಿ, ಚೀನಿಮಣ್ಣಿನ ಉಪ್ಪಿನಕಾಯಿ ಭರಣಿ ಮೊದಲಾದವು ಕಡಿಮೆ ಹಣದಲ್ಲಿ ಸಂಗ್ರಹಕ್ಕೆ ಬಣ್ಣ ತರುತ್ತವೆ. ಅಳತೆಯ ಸೇರು, ಅಚ್ಚೇರು, ಪಾವು, ಚಟಾಕುಗಳದು ಬೇರೆಯೇ ಮಹತ್ವ: 1956ರ ಕಾಯ್ದೆಯಂತೆ ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದು, 1962ರ ಹೊತ್ತಿಗೆ ವ್ಯಾಪಾರದಲ್ಲಿ ಹಳೆಯ ತೂಕಗಳು ನಿಂತುಹೋದವು; 80 ತೊಲೆಯ, ಅಂದರೆ ಸುಮಾರು 933 ಗ್ರಾಂ ತೂಗುವ ಸೇರಿನ ಕಲ್ಲು ಆ ಗಡಿಯ ಆಚೆಗಿನದು ಎಂದು ನಿಶ್ಚಿತವಾಗಿ ಹೇಳಲು ಬರುವಂಥದ್ದು.

ಮರದ ಸಾಮಾನುಗಳಲ್ಲಿ ಶಾವಿಗೆ ಮಣೆಯನ್ನು ಬಿಡಬಾರದು. ಉದ್ದಕ್ಕೆ ಸಣ್ಣ ಗೆರೆಗಳನ್ನು ಕೊರೆದ ಈ ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಿ, ಅಂಗೈಯಿಂದ ಹಿಟ್ಟು ಹೊಸೆಯುತ್ತ ಎಳೆ ಇಳಿಸುತ್ತಿದ್ದರು. ಎಷ್ಟೋ ಬೇಸಿಗೆಗಳ ಅಂಗೈ ತಿಕ್ಕಾಟಕ್ಕೆ ನಡುವಿನ ಗೆರೆಗಳು ಸವೆದು, ಅಂಚಿನವು ಹಾಗೆಯೇ ಚೂಪಾಗಿ ಉಳಿದ ಮಣೆಯೇ ಒಳ್ಳೆಯ ಮಣೆ. ಅದನ್ನು ಮತ್ತೆ ಕೊರೆಸಿ, ವಾರ್ನಿಶ್ ಹೊಡೆಸಿ ಹೊಸದು ಮಾಡುವವರು ಅದರ ಅರ್ಧ ಬೆಲೆಯನ್ನು ತಮ್ಮ ಕೈಯಾರೆ ಕಳೆಯುತ್ತಾರೆ.

ಹಳತು ಮತ್ತು ಹಳತಿನ ಸೋಗು

ಬೇಡಿಕೆ ಹೆಚ್ಚಿದಂತೆ, ಹೊಸ ಹಿತ್ತಾಳೆಗೆ ಆಮ್ಲ ಬಳಿದು ಕಪ್ಪು ಹಿಡಿಸಿ ಹಳೆಯದೆಂದು ಮಾರುವುದೂ ಹೆಚ್ಚಿದೆ. ಹಾಗೆ ಬಣ್ಣ ಕಟ್ಟಿದ ಪಾತ್ರೆಯಲ್ಲಿ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಹಳೆಯ ಪಾತ್ರೆಯಲ್ಲಿ ಕೈ ಹಿಡಿಯುವ ಕಂಠ, ಸೊಂಟದ ಮೇಲೆ ಕೂಡುವ ಬದಿ, ನೆಲಕ್ಕೆ ತಿಕ್ಕುವ ತಳದ ಅಂಚು ಇವು ನುಣುಪಾಗಿ, ಕೈಗೆ ತಾಗದ ಸಂದುಗಳು ಮಾತ್ರ ಕಪ್ಪಾಗಿ ಇರುತ್ತವೆ. ಕೈಯಿಂದ ಬಡಿದು ಮಾಡಿದ ಹಂಡೆಯ ಮೈಮೇಲೆ ಸುತ್ತಿಗೆಯ ಪೆಟ್ಟುಗಳು ಸಾಲುಸಾಲಾಗಿ, ಆದರೆ ಪೂರ್ತಿ ಒಂದೇ ಅಳತೆಯಲ್ಲಿಲ್ಲದಂತೆ ಕಾಣುತ್ತವೆ. ತಾಮ್ರದ ಹಳೆಯ ಪಾತ್ರೆಗಳಲ್ಲಿ ಎರಡು ತಗಡುಗಳ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕೂಡಿಸಿ, ಹಿತ್ತಾಳೆಯ ಬೆಸುಗೆ ಹಾಕುತ್ತಿದ್ದರಿಂದ ಕೆಂಪು ಮೈಮೇಲೆ ಹಳದಿಯ ಅಂಕುಡೊಂಕು ಗೆರೆ ಎದ್ದು ಕಾಣುತ್ತದೆ. ಈ ಗೆರೆ ಕಂಡಲ್ಲಿ ಕೈಗೆಲಸ ಇದೆ ಎಂದು ನಂಬಲು ಬಲವಾದ ಆಧಾರ ಸಿಕ್ಕಂತೆ. ಒಳಗೆ ಅಲ್ಲಲ್ಲಿ ಉಳಿದ ಕಲಾಯಿಯ ಬೂದು ಬಣ್ಣ, ತಳದ ಮಸಿ, ತೇಪೆ ಹಾಕಿದ ಜಾಗ ಇವೆಲ್ಲ ಸಾಮಾನಿನ ಪರವಾಗಿ ಹೇಳುವ ಸಾಕ್ಷಿಗಳೇ.

ಪಾತ್ರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು ಇದ್ದರೆ ಅದನ್ನು ಕಳಂಕವೆಂದು ಅಳಿಸಬಾರದು. ಮದುವೆಯಲ್ಲಿ ಕೊಟ್ಟವರ ಹೆಸರು, ತೆಗೆದುಕೊಂಡವರ ಊರು, ಕೆಲವೊಮ್ಮೆ ಇಸವಿ ಕೂಡ ಅಲ್ಲಿರುತ್ತದೆ. ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ರಾಮದುರ್ಗವಂತೂ 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. ಆದ ಕಾರಣ ಒಂದೇ ಬೀದಿಯ ಎರಡು ಮನೆಗಳ ಕೊಡಗಳ ಮೇಲೆ ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ದೇವನಾಗರಿ ಅಕ್ಷರ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಇಂತಹ ಬರಹ ಅಲಂಕಾರಕ್ಕಿಂತ ಹೆಚ್ಚಾಗಿ ದಾಖಲೆ.

ಎಲ್ಲಿ ಕೊಳ್ಳಬೇಕು, ಎಲ್ಲಿ ಕೈ ತಡೆಯಬೇಕು

ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಗಳಲ್ಲಿ ಮತ್ತು ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರ ಜಾತ್ರೆಯಲ್ಲಿ ಸಾಮಾನು ಮಾರುವ ಅಂಗಡಿಗಳು ಸಾಲುಗಟ್ಟುತ್ತವೆಯಾದರೂ ಅಲ್ಲಿ ಸಿಗುವುದು ಬಹುಪಾಲು ಹೊಸ ಮಾಲು. ಹಳೆಯದಕ್ಕೆ ಪೇಟೆಯ ಬಾಂಡೆ ಅಂಗಡಿಗಳನ್ನು ಹಿಡಿಯಬೇಕು. ಹಳೆಯ ತಾಮ್ರ ಹಿತ್ತಾಳೆ ತೂಗಿಸಿ ಕೊಟ್ಟು ಹೊಸ ಸ್ಟೀಲು ಒಯ್ಯುವ ರೂಢಿ ಇರುವುದರಿಂದ, ಒಡೆದು ಕರಗಿಸಲು ಕಳುಹಿಸುವ ಮುಂಚಿನ ರಾಶಿಯಲ್ಲಿ ಒಳ್ಳೆಯ ಸಾಮಾನು ಬಿದ್ದಿರುತ್ತದೆ. ಮದುವೆಯ ಹಂಗಾಮಿನಲ್ಲಿ ಇಂತಹ ಅದಲುಬದಲು ಹೆಚ್ಚು. ತೂಕದ ದರ ದಿನಕ್ಕೊಂದು ಇರುವುದರಿಂದ ಅಂದಿನ ದರವನ್ನು ಎರಡು ಅಂಗಡಿಗಳಲ್ಲಿ ಕೇಳಿಕೊಂಡು, ಕೆಲಸಗಾರಿಕೆಗೆ ಅದರ ಮೇಲೆ ಎಷ್ಟು ಕೊಡಬಹುದು ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಮನೆಗಳಿಂದ ನೇರವಾಗಿ ಕೊಳ್ಳುವಾಗ ನ್ಯಾಯದ ಪ್ರಶ್ನೆ ಬರುತ್ತದೆ. ನಗರದ ಅಂಗಡಿಯಲ್ಲಿ ಹಲವು ಪಟ್ಟು ಬೆಲೆಗೆ ಹೋಗುವ ಹಂಡೆಯನ್ನು ಒಂಟಿಯಾಗಿರುವ ಮುದುಕಿಯಿಂದ ಮೋಡಕಾ ದರಕ್ಕೆ ಎತ್ತುವುದು ವ್ಯಾಪಾರವಲ್ಲ, ಮೋಸ. ಬೆಲೆ ಇಷ್ಟಾಗುತ್ತದೆ ಎಂದು ತಿಳಿಸಿ, ಮನೆಯ ಮಕ್ಕಳು ಸೊಸೆಯಂದಿರೆಲ್ಲ ಒಪ್ಪಿದ ಮೇಲೆ ಕೊಳ್ಳುವುದೇ ಸರಿಯಾದ ದಾರಿ. ಮದುವೆಯಲ್ಲಿ ಅರಿಶಿನ ಕುಟ್ಟುವ ಶಾಸ್ತ್ರಕ್ಕೆಂದು ಹಲವು ಮನೆಗಳು ಒನಕೆ, ಒಳಕಲ್ಲು, ಬೀಸುಕಲ್ಲುಗಳನ್ನು ಕಾಯ್ದಿಟ್ಟುಕೊಂಡಿರುತ್ತವೆ, ಅವುಗಳನ್ನು ಕೇಳಲೂಬಾರದು. ಯಲ್ಲಮ್ಮನ ಹರಕೆಯ ಕೊಡ, ಪಡ್ಲಿಗಿ, ಜೋಗತಿಯರು ಹೊರುವ ಜಗ ಇವು ನೋಡಲು ಎಷ್ಟೇ ಚೆಂದವಿದ್ದರೂ ಪೂಜೆಯ ವಸ್ತುಗಳು, ಷೋಕೇಸಿನ ವಸ್ತುಗಳಲ್ಲ. ಜೋಡಿ ಒಡೆದು ಕೊಳ್ಳುವ ಚಾಳಿಯನ್ನೂ ಬಿಡಬೇಕು: ಬೀಸುಕಲ್ಲಿನ ಮೇಲಿನ ಕಲ್ಲನ್ನಷ್ಟೇ ಒಯ್ದು ಟೀಪಾಯಿ ಮಾಡಿಕೊಂಡರೆ ಎರಡು ಕಲ್ಲುಗಳೂ ಹಾಳಾದಂತೆ.

ಕಾನೂನಿನ ಗಡಿಗಳನ್ನೂ ತಿಳಿದಿರಬೇಕು. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ನೂರು ವರ್ಷ ತುಂಬಿದ ಕಲೆಯ ಅಥವಾ ಕುಶಲಕರ್ಮದ ವಸ್ತುವನ್ನು ಪ್ರಾಚೀನ ವಸ್ತುವೆಂದು ಪರಿಗಣಿಸುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವುದನ್ನು ನಿಷೇಧಿಸುತ್ತದೆ. ಅಮೆರಿಕದಲ್ಲಿಯೋ ದುಬೈಯಲ್ಲಿಯೋ ನೆಲೆಸಿದ ಮಕ್ಕಳು ಅಜ್ಜಿಯ ಹಂಡೆಯನ್ನು ಒಯ್ಯಬಯಸಿದರೆ, ಅದು ಪ್ರಾಚೀನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯುವುದು ಕ್ಷೇಮ. ಹೊಲ ಅಗೆಯುವಾಗ, ಹಳೆಯ ವಾಡೆಯ ತಳಪಾಯ ತೆಗೆಯುವಾಗ, ನೆಲದೊಳಗಿನ ಧಾನ್ಯದ ಹಗೇವು ತೆರೆಯುವಾಗ ಸಿಕ್ಕ ಬೆಲೆಬಾಳುವ ಹಳೆಯ ವಸ್ತುಗಳಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸಬಹುದಾಗಿದ್ದು, ಅಂತಹವನ್ನು ಮನೆಯಲ್ಲಿಟ್ಟುಕೊಳ್ಳದೆ ಅಧಿಕಾರಿಗಳಿಗೆ ತಿಳಿಸಬೇಕು. ಕಿತ್ತೂರು ಕೋಟೆ, ಪರಸಗಡ ಕೋಟೆ, ತೊರಗಲ್ಲದಂತಹ ಐತಿಹಾಸಿಕ ತಾಣಗಳಿಂದ ಒಂದು ಮಡಕೆಯ ಚೂರನ್ನೂ ಎತ್ತಬಾರದು.

ತೊಳೆಯುವುದು, ಕಲಾಯಿ, ಕಾಪು

ಸಂಗ್ರಹಕ್ಕೆ ಬಂದ ಸಾಮಾನುಗಳು ಕೆಡುವುದು ಹೆಚ್ಚಾಗಿ ಮೊದಲ ವಾರದಲ್ಲಿ, ತೊಳೆಯುವ ಉತ್ಸಾಹದಲ್ಲಿ. ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತಿಕ್ಕುವುದು ಮನೆಯಲ್ಲಿ ದಿನ ಬಳಸುವ ಪಾತ್ರೆಗೆ ಸರಿ, ಪ್ರದರ್ಶನದ ಪಾತ್ರೆಗೆ ಅಲ್ಲ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಆಮ್ಲ ಬಹಳ ಹೊತ್ತು ನಿಂತರೆ ಸತು ಕರಗಿ ಹೋಗಿ, ಮೈಮೇಲೆ ತಾಮ್ರದ ಗುಲಾಬಿ ಕಲೆಗಳು ಏಳುತ್ತವೆ, ಆ ಕಲೆಯನ್ನು ಮತ್ತೆ ತೆಗೆಯಲು ಬರುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಸಂದುಗಳಲ್ಲಿ ಉಳಿದರೆ ತೇವಾಂಶ ಸಿಕ್ಕಾಗಲೆಲ್ಲ ಹಸಿರು ಕಿಲುಬು ಮತ್ತೆ ಮತ್ತೆ ಹುಟ್ಟುತ್ತದೆ. ಮೆತ್ತನೆಯ ಬ್ರಶ್ಶು, ಸೌಮ್ಯ ಸಾಬೂನಿನ ನೀರು, ಕೂಡಲೇ ಒಣಬಟ್ಟೆ, ಇಷ್ಟು ಸಾಕು. ಕಂದು ಕಪ್ಪಾದ ಮೇಲ್ಪದರ ಲೋಹವನ್ನು ಕಾಯುತ್ತದೆ, ಅದನ್ನು ಬಿಡಬೇಕು. ಬೆರಳಿಗೆ ಅಂಟುವ ಹಸಿರು ಪುಡಿ ಲೋಹವನ್ನು ತಿನ್ನುತ್ತದೆ ಮತ್ತು ವಿಷಕಾರಿ, ಅದನ್ನು ಮಾತ್ರ ಒಣ ಬ್ರಶ್ಶಿನಿಂದ ಬಿಡಿಸಿ ಕೈ ತೊಳೆದುಕೊಳ್ಳಬೇಕು. ತಳದ ಮಸಿಯನ್ನು ಪೂರ್ತಿ ಕೆರೆಯದೆ, ಕ್ಯಾಬಿನೆಟ್ಟಿಗೆ ತಾಗದಂತೆ ಅಡಿಗೆ ಒಂದು ಬಟ್ಟೆ ಹಾಸಿದರಾಯಿತು.

ಕೆಲವರು ಪ್ರದರ್ಶನದ ಜೊತೆಗೆ ಹಬ್ಬದ ಅಡುಗೆಗೂ ಹಳೆಯ ಪಾತ್ರೆಯನ್ನು ಬಳಸಬಯಸುತ್ತಾರೆ; ಹಾಗಿದ್ದರೆ ಕಲಾಯಿ ಇಲ್ಲದೆ ಹುಳಿ ಪದಾರ್ಥ ಹಾಕಲೇಬಾರದು. ಕಲಾಯಿ ಎಂದರೆ ಪಾತ್ರೆಯ ಒಳಮೈಗೆ ತವರದ ತೆಳುಪದರ ಹಿಡಿಸುವುದು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹವಾದ್ದರಿಂದ ಕಲಾಯಿಗಾರನಿಗೆ ದೊಡ್ಡ ಕುಲುಮೆ ಬೇಕಾಗಿಲ್ಲ: ನೆಲದಲ್ಲಿ ಸಣ್ಣ ಗುಂಡಿ ತೋಡಿ ಇದ್ದಲಿ ಉರಿಸಿ, ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಬುಸ್ಸೆಂದು ಏಳುತ್ತದೆ, ಮೇಲ್ಮೈಯ ಕೊಳೆ ಬಿಡುತ್ತದೆ, ಆ ಕ್ಷಣಕ್ಕೆ ತವರದ ಕಡ್ಡಿಯನ್ನು ಒಂದೆರಡು ಕಡೆ ಮುಟ್ಟಿಸಿ ಅರಳೆಯ ಉಂಡೆಯಿಂದ ಬೀಸಿ ಒರೆಸಿದರೆ, ಕೆಂಪು ತಳದ ಮೇಲೆ ಬೆಳ್ಳಿಯಂತಹ ಹೊಳಪು ಕಣ್ಣೆದುರೇ ಹರಡಿಕೊಳ್ಳುತ್ತದೆ. ಈ ಕಸುಬಿನವರು ಈಗ ವಿರಳ. ಸಿಕ್ಕವರಿಗೆ ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡುವುದು ಸಂಗ್ರಾಹಕರ ಕರ್ತವ್ಯ, ಆ ಕೈಗಳಿಲ್ಲದೆ ಈ ಸಂಗ್ರಹಗಳಿಗೆ ಮುಂದೆ ದುರಸ್ತಿಯೇ ಇರುವುದಿಲ್ಲ.

ರೊಟ್ಟಿಯ ಹಂಚು, ಪಡ್ಡಿನ ಹಂಚು, ಈಳಿಗೆಯಂತಹ ಕಬ್ಬಿಣದ ಸಾಮಾನುಗಳಿಗೆ ಈ ಸೀಮೆಯ ಕುಸುಬಿ ಎಣ್ಣೆಯೇ ಒಳ್ಳೆಯ ಔಷಧಿ. ಗಾಳಿಗೆ ಒಣಗಿ ತೆಳುವಾದ ಪೊರೆ ಕಟ್ಟುವ ಗುಣ ಅದಕ್ಕಿದೆ; ಬಟ್ಟೆಗೆ ಎರಡು ಹನಿ ಹಾಕಿ ಸವರಿ, ಮತ್ತೆ ಒಣಬಟ್ಟೆಯಿಂದ ಪೂರ್ತಿ ಒರೆಸಿದರೆ ತುಕ್ಕು ತಡೆಯುತ್ತದೆ. ಹೆಚ್ಚಾಗಿ ಬಳಿದರೆ ಅದೇ ಎಣ್ಣೆ ಜಿಗುಟಾಗಿ ದೂಳು ಹಿಡಿಯುತ್ತದೆ. ಮರದ ಸಾಮಾನಿನಲ್ಲಿ ಸೂಜಿತೂತುಗಳೂ ಸಣ್ಣ ಹಿಟ್ಟಿನಂತಹ ಪುಡಿಯೂ ಕಂಡರೆ ಹುಳು ಇನ್ನೂ ಜೀವಂತವಿದೆ ಎಂದರ್ಥ, ಅದನ್ನು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು ನೋಡಿದ ಮೇಲೆಯೇ ಉಳಿದವುಗಳ ಜೊತೆ ಸೇರಿಸಬೇಕು.

ಹಳೆಯ ಸ್ಟೋವನ್ನು ಎಂದಿಗೂ ಹಚ್ಚಿ ತೋರಿಸಬಾರದು. ದಶಕಗಳ ಹಿಂದಿನ ಬೆಸುಗೆ ಒತ್ತಡ ತಾಳದೆ ಒಡೆದರೆ ಕಾದ ಎಣ್ಣೆ ಮೈಮೇಲೆ ಬೀಳುತ್ತದೆ. ಟಾಕಿಯನ್ನು ಖಾಲಿ ಮಾಡಿ, ಒಣಗಿಸಿ, ಗಾಳಿಯ ತಿರುಪು ಸಡಿಲಿಸಿ ಇಡಬೇಕು. ಹಳೆಯ ಮಿಕ್ಸಿ, ಹೀಟರು, ಟೋಸ್ಟರುಗಳ ವೈರಿನ ಹೊದಿಕೆ ಪುಡಿಯಾಗಿರುವುದರಿಂದ ಪ್ಲಗ್ಗನ್ನೇ ತೆಗೆದುಬಿಡುವುದು ಲೇಸು, ಶಾಖದ ಸಾಧನಗಳ ಒಳಗೆ ಬಿಳಿ ನಾರಿನಂತಹ ಪದರ ಕಂಡರೆ ಅದು ಕಲ್ನಾರು ಇರಬಹುದಾದ್ದರಿಂದ ಬಿಚ್ಚಬಾರದು. ಕುಕ್ಕರಿನ ಹಳೆಯ ರಬ್ಬರ್ ಮತ್ತು ಸುರಕ್ಷಾ ವಾಲ್ವುಗಳನ್ನು ನಂಬಿ ಅಡುಗೆಗೆ ಇಳಿಯುವುದೂ ಅಷ್ಟೇ ಅಪಾಯಕರ. ಕಿತ್ತುಹೋದ ಎನಾಮಲ್ ಪಾತ್ರೆಯಲ್ಲಿ ಊಟ ಬಡಿಸಬಾರದು.

ಇಡುವ ಜಾಗ

ಈ ನಾಲ್ಕು ಊರುಗಳ ಹವೆ ಒಂದೇ ಅಲ್ಲ. ಮಲೆನಾಡಿನ ಸೆರಗಿಗೆ ಹತ್ತಿರವಿರುವ ಕಿತ್ತೂರಿನಲ್ಲಿ ಮಳೆಗಾಲದ ತೇವ ಹೆಚ್ಚು, ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಸವದತ್ತಿ, ರಾಮದುರ್ಗಗಳಲ್ಲಿ ಒಣಬಿಸಿಲು ಮತ್ತು ಎರೆಭೂಮಿಯ ದೂಳು ಹೆಚ್ಚು. ಆದ್ದರಿಂದ ಕಿತ್ತೂರಿನವರು ಲೋಹವನ್ನು ಹೊರಗೋಡೆಗೆ ತಾಗಿಸದೆ ಗಾಳಿಯಾಡುವಂತೆ ಇಟ್ಟು ಆಷಾಢ, ಶ್ರಾವಣಗಳಲ್ಲಿ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಬೇಕು; ರಾಮದುರ್ಗದವರು ಮರದ ಸಾಮಾನನ್ನು ಕಿಟಕಿಯ ನೇರ ಬಿಸಿಲಿನಿಂದ ದೂರ ಇಡಬೇಕು, ಇಲ್ಲದಿದ್ದರೆ ಒಂದೇ ಬೇಸಿಗೆಯಲ್ಲಿ ಹಲಗೆ ಸೀಳುತ್ತದೆ. ಬೀಸುಕಲ್ಲು, ಒಳಕಲ್ಲುಗಳಿಗೆ ನೆಲವೇ ಸರಿಯಾದ ಜಾಗ, ಆದರೆ ಕಾಲು ತಾಗುವ ದಾರಿಯಲ್ಲಿ ಅಲ್ಲ. ಹಿರಿಯರಿರುವ ಮನೆಯಲ್ಲಿ ಅದು ಮನಸ್ಸಿಗೆ ನೋವು ತರುತ್ತದೆ. ಗೋಡೆಯ ಒಂದು ಮಾಡಕ್ಕೆ ಒಂದೇ ವಸ್ತು ಸಾಕು, ಇಪ್ಪತ್ತು ತಂಬಿಗೆಗಳನ್ನು ಒತ್ತಿ ಜೋಡಿಸಿದ ಕಪಾಟು ಬಾಂಡೆ ಅಂಗಡಿಯಂತೆ ಕಾಣುತ್ತದೆ. ಅದಕ್ಕಿಂತ ಹಿಟ್ಟು ನಾದುವ ಪರಾತ, ಹಂಚು, ರೊಟ್ಟಿಬುಟ್ಟಿ ಈ ಮೂರನ್ನು ಕೆಲಸದ ಕ್ರಮದಲ್ಲಿ ಒಂದೆಡೆ ಇಟ್ಟರೆ ನೋಡಿದವರಿಗೆ ಒಂದು ಅಡುಗೆಮನೆ ಕಾಣುತ್ತದೆ. ಹಿತ್ತಾಳೆಯ ಹಂಡೆಗೆ ತೂತು ಕೊರೆದು ದೀಪ ಸಿಕ್ಕಿಸುವುದು, ಸ್ಟೋವಿಗೆ ಬಂಗಾರದ ಬಣ್ಣ ಬಳಿಯುವುದು ಈಚಿನ ಫ್ಯಾಷನ್ನಾಗಿದ್ದರೂ ಅದು ಸಂಗ್ರಹವಲ್ಲ, ನಾಶ.

ಕೊನೆಯದಾಗಿ, ಪ್ರತಿ ಸಾಮಾನಿಗೂ ಒಂದು ಸಂಖ್ಯೆ ಕೊಟ್ಟು, ದಾರದಲ್ಲಿ ಕಟ್ಟಿದ ಬಟ್ಟೆಯ ಚೀಟಿಯ ಮೇಲೆ ಬರೆದು, ಅದೇ ಸಂಖ್ಯೆಯ ಕೆಳಗೆ ಒಂದು ವಹಿಯಲ್ಲಿ ಊರು, ಬಂದ ದಾರಿ, ಅಳತೆ, ತೂಕ, ಮೇಲಿನ ಬರಹ, ಮಾಡಿಸಿದ ದುರಸ್ತಿ, ಮನೆಯವರು ಆ ಸಾಮಾನನ್ನು ಕರೆಯುತ್ತಿದ್ದ ಹೆಸರು ಇವನ್ನು ದಾಖಲಿಸಬೇಕು. ಲೋಹದ ಮೇಲೆ ನೇರವಾಗಿ ಬಣ್ಣದಿಂದ ಬರೆಯುವುದಾಗಲಿ ಗೋಂದಿನ ಚೀಟಿ ಅಂಟಿಸುವುದಾಗಲಿ ಕೂಡದು. ಈ ವಹಿಗೆ ಬೇಕಾದ ಮಾಹಿತಿ ಅಂಗಡಿಯಲ್ಲಿ ಸಿಗುವುದಿಲ್ಲ, ಎಪ್ಪತ್ತು ಎಂಬತ್ತು ದಾಟಿದ ಅಜ್ಜಿಯಂದಿರಲ್ಲಿ, ಅತ್ತೆಯಂದಿರಲ್ಲಿ ಸಿಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಓದುಗರು ಹೊರಗೆ ಹಣ ಕೊಟ್ಟು ಕೊಳ್ಳುವ ಮುನ್ನ ತಮ್ಮ ಮನೆಯ ಅಟ್ಟವನ್ನೇ ಒಮ್ಮೆ ಇಳಿಸಿ, ಒಂದೊಂದು ಸಾಮಾನನ್ನೂ ಮನೆಯ ಹಿರಿಯ ಹೆಣ್ಣುಮಕ್ಕಳ ಮುಂದಿಟ್ಟು, ಅದನ್ನು ಯಾರು ತಂದರು, ಯಾವುದಕ್ಕೆ ಬಳಸಿದರು, ಯಾವಾಗ ನಿಲ್ಲಿಸಿದರು ಎಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳಬೇಕೆಂದು ಕೋರಿಕೆ.